ಸೂರಿನ ಮೇಲಿನ ಕುಂಬಳಕಾಯಿ

ಮೈಸೂರು
12-3-1999

ಅವ್ವನಿಗೆ ಸುನಂದಳ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಅನುಪಮಾಳ ಮೂರನೇ ಕ್ಲಾಸಿನ ಪರೀಕ್ಷೆ ತಿಂಗಳ ಕೊನೆಗೆ ಮುಗಿಯುತ್ತದೆ. ತಿಲಕ್‌ಗೆ ಪರೀಕ್ಷೆ ಎಂಬುದೇ ಇನ್ನೂ ಇಲ್ಲ, ಆದರೂ ಅಕ್ಕನಿಗಿಂತ ಹೆಚ್ಚು ಗಲಾಟೆ ಅವನದೇ. ಇವರಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ರಜೆ ಸಿಗುವುದಿಲ್ಲವಂತೆ. ಏಪ್ರಿಲ್‌ನಲ್ಲಿ ನಾನು, ಮಕ್ಕಳು ಮಾತ್ರ ಬರುತ್ತೇವೆ.

ಈ ಸಲ ಶಾಲೆಯಲ್ಲಿ ಒಂದು ಹೊಸ ಯೋಜನೆ ಕೊಟ್ಟಿದ್ದಾರೆ. ರಜೆಯಲ್ಲಿ ಪ್ರತಿ ಮಗುವೂ ಮನೆಯವರ ಜೊತೆ ಸೇರಿ ಇಲ್ಲದವರಿಗೆ ಏನಾದರೂ ಕೊಡಬೇಕು, ಇಲ್ಲವೇ ಒಂದು ದಿನ ಎಲ್ಲಾದರೂ ಸೇವೆ ಮಾಡಬೇಕು. ಅದರ ಫೋಟೋ ಚಾರ್ಟಿಗೆ ಅಂಟಿಸಿಕೊಂಡು ಜೂನ್‌ನಲ್ಲಿ ತರಬೇಕು. ಚಿಕ್ಕ ವಯಸ್ಸಿನಲ್ಲೇ ಕೊಡುವ ಬುದ್ಧಿ ಬಂದರೆ ಒಳ್ಳೆಯದಲ್ಲವೇ ಅವ್ವ? ನನಗಂತೂ ತುಂಬಾ ಹಿಡಿಸಿತು. ಮಠದ ಹಾಸ್ಟೆಲಿನ ಮಕ್ಕಳಿಗೆ ಕೊಡೋಣ ಎಂದು ಎರಡು ಚೀಲ ಬಟ್ಟೆ, ಆಟದ ಸಾಮಾನು ತೆಗೆದಿಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಊರಿನಲ್ಲೇ ಯಾರಾದರೂ ಬಡವರ ಮಕ್ಕಳಿದ್ದರೆ ನೋಡಿಟ್ಟಿರು. ಕ್ಯಾಮೆರಾ ತರುತ್ತೇನೆ.

ಶಿವಣ್ಣನಿಗೂ ಧನಲಕ್ಷ್ಮಿಗೂ ಕೇಳಿದೆನೆಂದು ಹೇಳು.

ನಿನ್ನ ಮಗಳು
ಸುನಂದಾ


ನೊಣವಿನಕೆರೆ
22-3-1999

ಸುನಂದಾ,

ಇಲ್ಲಿ ನಾನು, ನಿನ್ನ ಅಣ್ಣ, ಅತ್ತಿಗೆ, ಎರಡು ಎಮ್ಮೆ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ನಿನ್ನ ಕಾಗದವನ್ನು ಯುಗಾದಿಯ ಬೇವು ತಿಂದ ಬಾಯಲ್ಲೇ ಓದಿದೆ. ಉತ್ತರ ಕಹಿಯಾದರೆ ಬೇವಿನ ತಪ್ಪು.

ಧನಲಕ್ಷ್ಮಿ ತಾನು ಬರೆದುಕೊಡುತ್ತೇನೆ ಅಂದಳು. ಬೇಡ ಅಂದೆ. ಸೊಸೆ ಬರೆದರೆ ನನ್ನ ಬೈಗುಳಕ್ಕೆ ನೀರು ಬೆರೆಯುತ್ತದೆ. ನನ್ನ ಒತ್ತಕ್ಷರ ಸರಿ ಇಲ್ಲ ಅಂತ ನಗಬೇಡ. ಮೇಷ್ಟ್ರು ಒತ್ತಕ್ಷರ ಶುರುಮಾಡುವ ಹೊತ್ತಿಗೆ ನಮ್ಮ ಮನೆಯ ಎಮ್ಮೆ ಕರು ಹಾಕಿತು, ನನ್ನ ಶಾಲೆ ಅಲ್ಲಿಗೆ ಮುಗಿಯಿತು.

ನಿನ್ನ ಮಕ್ಕಳಿಗೆ ರಜ ಬಂದಾಗ ಹಾಸ್ಟೆಲಿನ ಮಕ್ಕಳಿಗೆ ರಜ ಇರುವುದಿಲ್ಲವೇ? ಅವಕ್ಕೂ ಅವ್ವ ಇದ್ದಾಳೆ, ಊರಿದೆ, ಓಡಿಹೋಗುತ್ತವೆ. ಏಪ್ರಿಲ್‌ನಲ್ಲಿ ಬಂದರೆ ನೀನು ಹಾಸ್ಟೆಲಿನ ಬೀಗಕ್ಕೆ ಫ್ರಾಕು ತೊಡಿಸಿ ಫೋಟೋ ಹಿಡಿಯಬೇಕು. ಇನ್ನು ಬಡವರ ಮಕ್ಕಳನ್ನು ನೋಡಿಟ್ಟಿರು ಅಂದೆಯಲ್ಲ, ಅದೇನು ಹಲಸಿನ ಹಣ್ಣೇ, ಮೂಸಿ ನೋಡಿ ಗೋಣಿ ಮುಚ್ಚಿ ಇಡಲು?

ಕೊಡುವ ಬುದ್ಧಿ ಬರಲಿ, ಬೇಡ ಅನ್ನುವುದಿಲ್ಲ. ಅದಕ್ಕೆ ನಾನೊಂದು ದಾರಿ ಹೇಳುತ್ತೇನೆ. ಬಾವಿ ಪಕ್ಕದ ಮರದ ಕಾಯಿ ಕೆಡವಿಸುವುದಿದೆ. ಆ ಒಂದು ಮರದ ಕಾಯನ್ನು ಅನುಪಮಾ ತಾನೇ ಆಯ್ದು ಅಟ್ಟಕ್ಕೆ ಹಾಕಲಿ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕಾದರೆ ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ. ಆಮೇಲೆ ಹಾಸ್ಟೆಲಿನ ಅಡುಗೆಮನೆಗೆ ಕೊಡೋಣ. ನಮ್ಮ ಕಡೆ ದಾನ ಜೂನ್ ತಿಂಗಳಿಗೆ ಒಣಗುವುದಿಲ್ಲ ಅಂತ ಅವಳ ಮಿಸ್ಸಿಗೆ ಹೇಳು.

ಬೇಗ ಬಾ. ಬೇಲಿಯಾಚೆ ಅಂಕಮ್ಮನ ಮೊಮ್ಮಗಳು ಲತಾಮಣಿ ದಿನಾ ಬಂದು, "ಅಜ್ಜೀ, ಅನುಪಮಾ ಯಾವತ್ತು ಬತ್ತಾಳೆ?" ಅಂತ ಪ್ರಾಣ ತಿನ್ನುತ್ತಾಳೆ. ಅಂಕಮ್ಮ ಅವಳ ಹಿಂದೆ ಬರುತ್ತಾಳೆ, ಮೊಮ್ಮಗಳನ್ನು ಕರೆದೊಯ್ಯಲು ಅಂತ. ಬಂದವಳು ಎಲೆ ಅಡಿಕೆ ಹಾಕಿ ಹೊತ್ತು ಮುಳುಗುವವರೆಗೆ ಏಳುವುದಿಲ್ಲ. ನಾನೂ ಏಳಿಸುವುದಿಲ್ಲ.

ಹೊಂಬಾಳಮ್ಮ


ಮೈಸೂರು
6-6-1999

ಪ್ರೀತಿಯ ಅಜ್ಜಿಗೆ,

ನಾನು ಅನುಪಮಾ. ನಾನು ಈಗ ನಾಲ್ಕನೇ ಕ್ಲಾಸು. ನಮ್ಮ ಚಾರ್ಟಿಗೆ ಮಿಸ್ಸು ಸ್ಟಾರ್ ಕೊಟ್ಟರು. ಹಾಸ್ಟೆಲ್ ಬೀಗ ಹಾಕಿತ್ತಲ್ಲ, ಅದಕ್ಕೆ ಅಮ್ಮ ನನ್ನ ಹಳದಿ ಫ್ರಾಕನ್ನು ಲತಾಮಣಿಗೆ ಕೊಡು ಅಂದಳು. ನಾನು ಕೊಡುವ ಫೋಟೋ ಚಾರ್ಟಿನ ಮಧ್ಯದಲ್ಲಿದೆ. ಅವತ್ತು ನೀನು ಕಣ್ಣು ತೋರಿಸೋಕೆ ತಿಪಟೂರಿಗೆ ಹೋಗಿದ್ದೆ. ಫೋಟೋದಲ್ಲಿ ಲತಾಮಣಿ ನಗುತ್ತಿಲ್ಲ. ನಗು ಅಂತ ಅಮ್ಮ ಎರಡು ಸಲ ಹೇಳಿದಳು.

ಸಾಯಂಕಾಲ ನೀನು ಇನ್ನೂ ಬಂದಿರಲಿಲ್ಲ, ಅಂಕಜ್ಜಿ ತಲೆ ಮೇಲೆ ದೊಡ್ಡ ಕುಂಬಳಕಾಯಿ ಹೊತ್ತು ತಂದಿದ್ದರು. ತಿಲಕ್ ಅದರ ಮೇಲೆ ಕೂತುಕೊಳ್ಳಬಹುದು, ಅಷ್ಟು ದೊಡ್ಡದು. ಅಮ್ಮ ಬೇಡ, ನೀವೇ ಇಟ್ಟುಕೊಳ್ಳಿ ಅಂದಳು. ಅವರು ಮತ್ತೆ ಹೊತ್ತುಕೊಂಡು ಹೋದರು. ಮಾರನೇ ದಿನ ಬಸ್ಸಿನ ಹತ್ತಿರ ಲತಾಮಣಿ ಬರಲೇ ಇಲ್ಲ. ಯಾಕಜ್ಜಿ? ಅವಳು ನನ್ನ ಮೇಲೆ ಟೂ ಬಿಟ್ಟಿದ್ದಾಳಾ?

ಅಟ್ಟದಲ್ಲಿ ನಾನೂ ಅವಳೂ ಸುಣ್ಣದ ಬೊಟ್ಟು ಇಟ್ಟ ಕಾಯಿ ಹಾಗೇ ಇದೆಯಾ? ಇಲಿ ತಿನ್ನದ ಹಾಗೆ ನೋಡಿಕೋ.

ಇಂತಿ ನಿನ್ನ ಮುದ್ದಿನ
ಅನುಪಮಾ


ನೊಣವಿನಕೆರೆ
19-6-1999

ಸುನಂದಾ,

ಅನುಪಮಾಳಿಗೆ ಬೇರೆ ಬರೆಯುತ್ತೇನೆ. ಇದನ್ನು ಅವಳಿಗೆ ಓದಿ ಹೇಳಬೇಡ.

ನೀನು ಬಸ್ಸು ಹತ್ತಿದ ಮಾರನೇ ದಿನ ನಮ್ಮ ಜಗುಲಿಯ ಮೇಲೆ ಆ ಹಳದಿ ಫ್ರಾಕು ಇತ್ತು. ಒಗೆದು, ಮಡಿಸಿ, ಮಡಿಕೆ ಕೂರಲಿ ಅಂತ ಯಾವುದೋ ಭಾರದ ಕೆಳಗೆ ಇಟ್ಟು ತಂದದ್ದು. ಅವತ್ತಿನಿಂದ ಅಂಕಮ್ಮ ಬೇಲಿ ದಾಟಿಲ್ಲ. ಮೊಮ್ಮಗಳನ್ನೂ ಬಿಟ್ಟಿಲ್ಲ. ನನಗೆ ಕಾರಣ ತಿಳಿಯದೆ, ಮೈ ಸರಿ ಇಲ್ಲವೇನೋ ಅಂದುಕೊಂಡಿದ್ದೆ. ನಿನ್ನ ಮಗಳ ಕಾಗದ ಬಂದಮೇಲೆ ತಿಳಿಯಿತು. ನೇರ ಅವಳ ಮನೆಗೆ ಹೋದೆ.

"ಏನೇ ಅಂಕೀ, ನಮ್ಮನೆ ದಾರಿ ಮರ್ತೋಯ್ತಾ?" ಅಂದೆ.

ಹುರುಳಿ ಕೇರುತ್ತಿದ್ದಳು, ಮೊರ ನಿಲ್ಲಿಸಲಿಲ್ಲ. "ಮರ್ತಿಲ್ಲ ಕಣಕ್ಕ. ದಾನ ಇಸ್ಕೊಳೋರು ಮುಂದ್ಲ ಬಾಗ್ಲಲ್ಲಿ ಬರಬೇಕೋ ಹಿತ್ಲ ಬಾಗ್ಲಲ್ಲಿ ಬರಬೇಕೋ ಗೊತ್ತಾಗ್ಲಿಲ್ಲ. ಅದ್ಕೇ ಸುಮ್ಕಿದ್ದೀನಿ."

"ಮಕ್ಳು ಒಂದು ಫ್ರಾಕು ಕೊಟ್ಕೊಂಡ್ರೆ ಅದಕ್ಕೆ ಇಷ್ಟು ರಂಪ್ವೇನೇ?"

"ಫ್ರಾಕಿನ ಮಾತು ಬುಡು. ಫೋಟಾನೂ ಹೋಗ್ಲಿ. ಮಗಾ ಕೊಡ್ತು, ನಾವು ಇಸ್ಕೊಂಡ್ವಿ, ಬರಿಗೈಲಿ ಇಸ್ಕೊಬಾರ್ದು ಅಂತ ನಾನು ಬಳ್ಳಿಲಿದ್ದ ದೊಡ್ಡ ಕಾಯೇ ಕುಯ್ಕೊಂಡು ಹೋದೆ. ಅದನ್ನ ತಿರುಗಿಸಿ ನನ್ನ ತಲೆ ಮ್ಯಾಲೇ ಹೊರಿಸಿ ಕಳಿಸಿದ್ಲಲ್ಲಕ್ಕ ನಿನ್ನ ಮಗಳು! ಬೀದೀಲಿ ಹುಚ್ಚರಂಗಯ್ಯ ಕೇಳ್ತಾನೆ, 'ಏನಮ್ಮ, ಮಾರೋಕೆ ಹೋಗಿದ್ದಾ, ಬ್ಯಾಡ ಅಂದ್ರಾ?' ಅಂತ. ನಾನೇನ್ ಹೇಳ್ಲಿ?"

ನಾನು ಏನು ಹೇಳಲಿ, ನೀನೇ ಹೇಳು. ನಮ್ಮ ಮನೆಗೆ ಪಕ್ಕದ ಮನೆಯಿಂದ ಸಾರು ಬಂದರೆ ಆ ಬಟ್ಟಲಿಗೆ ಒಂದು ಚೂರು ಬೆಲ್ಲವಾದರೂ ಹಾಕದೆ ವಾಪಸು ಕೊಟ್ಟದ್ದನ್ನು ನೀನು ಎಂದಾದರೂ ನೋಡಿದ್ದೀಯಾ? ಈ ಮನೆಯಲ್ಲಿ ಬೆಳೆದವಳು ತಾನೇ ನೀನು? ಮೈಸೂರಿನ ನೀರು ಇಷ್ಟು ಬೇಗ ತಲೆಗೆ ಹತ್ತಿತೇ? ನೀನು ಹುಟ್ಟಿದಾಗಿನಿಂದ "ಚಿಕ್ಕವ್ವ, ಬಾ ಹೋಗು" ಅಂತಿದ್ದವಳು ಅವತ್ತು "ಬೇಡ, ನೀವೇ ತಗೊಂಡು ಹೋಗಿ" ಅಂದೆಯಂತೆ. ಅದನ್ನು ಹೇಳುವಾಗ ಮಾತ್ರ ಅವಳ ಮೊರ ನಿಂತಿತು.

"ಹೋಗ್ಲಿ, ಆ ಕಾಯಿ ಕುಯ್ದು ತಿನ್ನೇ" ಅಂದೆ. "ಕೊಡೋಕಂತ ಹೊಸ್ಲು ದಾಟಿಸಿದ್ದು, ಇನ್ನು ನಮ್ದಲ್ಲ. ನಮ್ಮನೆ ಈಳಿಗೆ ಅದಕ್ಕೆ ತಾಕಲ್ಲ" ಅಂದಳು. ಸೂರಿನ ಹೆಂಚಿನ ಮೇಲೆ ಇಟ್ಟಿದ್ದಾಳೆ. ನಮ್ಮ ಹಿತ್ತಲಿನಿಂದ ಕಾಣುತ್ತದೆ. ಬೆಳಗ್ಗೆ ಎದ್ದು ಎಮ್ಮೆ ಕರೆಯಲು ಹೋದರೆ ಮೊದಲು ಅದರ ಮುಖ ನೋಡಬೇಕು ನಾನು.

ಹೊಂಬಾಳಮ್ಮ


ಮೈಸೂರು
11-7-1999

ಅವ್ವ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಕೋಪ ಬರುತ್ತಿತ್ತು, ಅದಕ್ಕೇ ತಡವಾಯಿತು.

ಅಂಕಮ್ಮ ಚಿಕ್ಕವ್ವನ ಮನೆಯ ಸ್ಥಿತಿ ನನಗೆ ಗೊತ್ತಿಲ್ಲವೇ? ಇರುವ ನಾಲ್ಕು ಮರ, ಮಳೆ ನಂಬಿದ ಒಂದು ಹೊಲ, ಒಂದು ಹಸು. ಆ ಕಾಯಿ ಸಂತೆಗೆ ಹೋದರೆ ಅವರ ಮನೆಗೆ ಉಪ್ಪು ಎಣ್ಣೆ ಬರುತ್ತದೆ. ಅಂಥದ್ದನ್ನು ನಾನು ಹೇಗೆ ತೆಗೆದುಕೊಳ್ಳಲಿ? ಬಸ್ಸಿನಲ್ಲಿ ಎರಡು ಮಕ್ಕಳ ಜೊತೆ ಅಷ್ಟು ಭಾರ ಹೇಗೆ ತರಲಿ? ಒಳ್ಳೆಯದಕ್ಕೆ ಬೇಡ ಅಂದೆ. ಬಹುವಚನದಲ್ಲಿ ಕರೆದದ್ದೂ ಮರ್ಯಾದೆಗೇ. ಎಲ್ಲದರಲ್ಲೂ ನನ್ನದೇ ತಪ್ಪಾದರೆ ನಾನು ಮಾತಾಡುವುದಿಲ್ಲ.

ಲತಾಮಣಿಗೆ ಒಂದು ಹೊಸ ಲಂಗ ತೆಗೆದಿದ್ದೇನೆ, ಜರಿ ಅಂಚಿನದು. ಹಳೆಯದು ಕೊಟ್ಟದ್ದಕ್ಕೇ ಅವರಿಗೆ ಬೇಸರವಾಗಿರಬೇಕು. ಪಾರ್ಸೆಲ್ ಮಾಡುತ್ತೇನೆ. ನೀನೇ ಕೊಟ್ಟು ಸಮಾಧಾನ ಹೇಳು.

ಅನುಪಮಾ ಚಾರ್ಟಿನಿಂದ ಆ ಫೋಟೋ ಕಿತ್ತುಹಾಕಿದ್ದಾಳೆ. ಯಾಕೆ ಅಂದರೆ ಹೇಳುವುದಿಲ್ಲ.

ಸುನಂದಾ


ನೊಣವಿನಕೆರೆ
2-8-1999

ಸುನಂದಾ,

ಪಾರ್ಸೆಲ್ ಬಂದರೆ ಕೆರೆಗೆ ಎಸೆಯುತ್ತೇನೆ. ಪೋಸ್ಟ್‌ಮ್ಯಾನ್ ಶಂಭುಲಿಂಗಯ್ಯನಿಗೂ ಹೇಳಿಟ್ಟಿದ್ದೇನೆ, ಮೈಸೂರಿನ ಗಂಟು ಬಂದರೆ ಹಾಗೇ ವಾಪಸು ಕಳಿಸು ಅಂತ.

ಒಂದು ಫ್ರಾಕಿಗೆ ಅವಳು ತಂದ ಕುಂಬಳಕಾಯಿಯನ್ನೇ ತಿರುಗಿಸಿ ಕಳಿಸಿದೆ, ಇನ್ನು ಜರಿ ಲಂಗಕ್ಕೆ ಏನು ತರಬೇಕು ಅವಳು? ಹಸ ಹೊಡೆದುಕೊಂಡು ಬರಬೇಕೇ? ಕೊಟ್ಟು ಕೊಟ್ಟು ಅವಳನ್ನು ಇನ್ನೂ ಕುಗ್ಗಿಸಬೇಡ ಕಣೇ. ಅವಳ ಹತ್ತಿರ ಇರುವುದು ನಾಲ್ಕು ಮರ ಅಂತ ಬರೆದೆಯಲ್ಲ, ನಿನ್ನ ಬಾಣಂತನದಲ್ಲಿ ದಿನಾ ಬಂದು ಅನುಪಮಾಳಿಗೆ ಎಣ್ಣೆ ತಿಕ್ಕಿ ನೀರು ಹುಯ್ದಾಗ ನೀನು ಅವಳ ಮರ ಎಣಿಸಿದ್ದೆಯಾ?

ಇಲ್ಲಿ ಕೊಬ್ಬರಿ ಸುಲಿಯುವ ಕೆಲಸ ನಡೆಯುತ್ತಿದೆ, ಹೋದ ವರ್ಷದ ಅಟ್ಟದ್ದು. ಪ್ರತಿ ಸಲ ಅವರ ಮನೆಯದಕ್ಕೆ ನಾನು, ನಮ್ಮ ಮನೆಯದಕ್ಕೆ ಅವಳು ಮುಯ್ಯಾಳಾಗಿ ಕೂರುತ್ತಿದ್ದೆವು. ಈ ಸಲ ಶಿವಣ್ಣ ಕೂಲಿಯ ಹೆಂಗಸರನ್ನು ಕರೆತಂದ. ಒಳ್ಳೆಯವರೇ. ಚಿಪ್ಪು ಒಡೆದು ಕೆಲಸ ಮುಗಿಸಿ ಹೋಗುತ್ತಾರೆ. ಯಾರ ಮನೆ ಸೊಸೆ ಹೇಗೆ, ಯಾರ ಮಗ ಏನು ಮಾಡಿದ, ಒಂದು ಮಾತಿಲ್ಲ. ನನ್ನ ಎಲೆ ಅಡಿಕೆ ಡಬ್ಬಿಯಲ್ಲಿ ಅಡಿಕೆ ಖರ್ಚಾಗುತ್ತಿಲ್ಲ. ಉಳಿತಾಯ ಅಂತ ನಿನ್ನ ಅತ್ತಿಗೆಗೆ ಸಂತೋಷ.

ಅನುಪಮಾಳ ಸುಣ್ಣದ ಬೊಟ್ಟಿನ ಕಾಯಿ ಅಲ್ಲಾಡಿಸಿ ನೋಡಿದೆ. ಇನ್ನೂ ನೀರಿನ ಸದ್ದೇ.

ಹೊಂಬಾಳಮ್ಮ


ಮೈಸೂರು
14-9-1999

ಅವ್ವ,

ಇದು ಬರೀ ಕಾರ್ಡು. ತಿಲಕ್‌ಗೆ ಜ್ವರ ಬಂದು ಹೋಯಿತು. ಮಿಕ್ಕಂತೆ ಕ್ಷೇಮ. ಜರಿ ಲಂಗವನ್ನು ಅಂಗಡಿಗೆ ಹಿಂದಿರುಗಿಸಿದೆ.

ಕುಂಬಳಕಾಯಿ ಹೇಗಿದೆ?

ಸುನಂದಾ


ನೊಣವಿನಕೆರೆ
21-9-1999

ಸುನಂದಾ,

ಹೆತ್ತವಳ ಮಂಡಿನೋವು ಹೇಗಿದೆ ಅಂತ ಕೇಳುವುದು ಬಿಟ್ಟು ಕುಂಬಳಕಾಯಿಯ ಯೋಗಕ್ಷೇಮ ವಿಚಾರಿಸಿದ್ದೀಯ. ಇರಲಿ. ನಿನ್ನ ಕಾರ್ಡನ್ನು ಎರಡು ಸಲ ಓದಿದೆ.

ತೊಟ್ಟಿನ ಹತ್ತಿರ ಒಂದು ಕಪ್ಪು ಕಲೆ ಬಿದ್ದಿದೆ. ಮಳೆಯ ನೀರು ಕೂತಿರಬೇಕು. ಹೋದ ವಾರ ನೋಡಿದಾಗ ಕಾಸಿನಷ್ಟಿತ್ತು, ಈಗ ಅಂಗೈ ಅಗಲ. ನಾನು ನೋಡುವುದನ್ನು ಅಂಕಮ್ಮ ನೋಡುತ್ತಾಳೆ. ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಾಳೆ. ಆದರೆ ಕಾಯನ್ನು ಅತ್ತಿತ್ತ ಹೊರಳಿಸಿ, ಕಲೆ ಇರುವ ಕಡೆಗೆ ಬಿಸಿಲು ಬೀಳುವ ಹಾಗೆ ಇಟ್ಟಿದ್ದಾಳೆ. ನಿನ್ನ ಅತ್ತಿಗೆ ಅದನ್ನು ಕಂಡು, "ನೋಡತ್ತೆ, ಅವ್ರೂ ಕಾಯ್ತಾವ್ರೆ" ಅಂದಳು. ಅಪರೂಪಕ್ಕೆ ಸರಿಯಾಗಿ ಮಾತಾಡುತ್ತಾಳೆ.

ದಸರಾ ರಜಕ್ಕೆ ಬಾ. ಊರೆಲ್ಲ ಮೈಸೂರಿಗೆ ಬರುವಾಗ ನೀನು ಇತ್ತ ಬಾ. ಬಟ್ಟೆಯ ಚೀಲ ಬೇಡ, ಕ್ಯಾಮೆರಾ ಬೇಡ, ತಿಂಡಿ ಪೊಟ್ಟಣವೂ ಬೇಡ. ಕೈ ಬೀಸಿಕೊಂಡು ಬಾ. ಬಂದಮೇಲೆ ಒಂದು ಕೆಲಸ ಹೇಳುತ್ತೇನೆ. ಯಾಕೆ ಅಂತ ಕೇಳದೆ ಮಾಡಬೇಕು.

ಕಾಯಿ ಅಷ್ಟು ದಿನ ತಡೆದರೆ ಸರಿ.

ಹೊಂಬಾಳಮ್ಮ


ಮೈಸೂರು
31-10-1999

ಅವ್ವ,

ಊರಿನಲ್ಲಿದ್ದಾಗ ನೀನು ಕೇಳಿದೆ, "ಅಲ್ಲೇನಾಯ್ತೇ?" ಅಂತ. ಏನಿಲ್ಲ ಅಂದೆ. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಈಗ ಬರೆಯುತ್ತೇನೆ.

ದೀಪ ಹಚ್ಚುವುದಕ್ಕೆ ಮುಂಚೆ ಅಂಕಮ್ಮ ಚಿಕ್ಕವ್ವನ ಹತ್ತಿರ ಹೆಪ್ಪು ಇಸ್ಕೊಂಡು ಬಾ ಎಂದು ನೀನು ಕಳಿಸಿದೆ. ನಾನು ಲೋಟ ತೆಗೆದುಕೊಂಡರೆ ಕಿತ್ತುಕೊಂಡೆ. "ಲೋಟಾನೂ ಅವಳ ಹತ್ರಾನೇ ಇಸ್ಕೋ" ಅಂದೆ. ನಮ್ಮ ಮನೆಯಲ್ಲಿ ಎರಡು ಎಮ್ಮೆಯ ಗಟ್ಟಿ ಮೊಸರು ಗಡಿಗೆಯಲ್ಲೇ ಇತ್ತು. ನಾಚಿಕೆಯಿಂದ ಆ ಬೇಲಿ ದಾಟಿದೆ.

ಚಿಕ್ಕವ್ವ ಹಸು ಕಟ್ಟುತ್ತಿದ್ದಳು. ನನ್ನನ್ನು ಕಂಡರೂ ಹಗ್ಗ ಬಿಗಿದು ಮುಗಿಸಿಯೇ ತಿರುಗಿದಳು.

"ಚಿಕ್ಕವ್ವ, ಒಂದಿಷ್ಟು ಹೆಪ್ಪು ಕೊಡ್ತೀಯಾ?"

"ಎರಡೆಮ್ಮೆ ಕರೆಯೋ ಮನೆಯೋಳು ಒಂದು ಹಸ ಇರೋ ಮನೆಗೆ ಹೆಪ್ಪಿಗೆ ಬಂದವ್ಳೆ. ನಿಮ್ಮವ್ವ ಕಳಿಸಿದ್ಲಾ?"

"ಹ್ಞೂಂ."

"ಅವಳ ಮೊಸ್ರಿಗೇನು ಬಂತಂತೆ?"

ಹುಳಿಯಾಗಿದೆ ಅನ್ನಬೇಕೆಂದುಕೊಂಡಿದ್ದೆ. ಅವಳ ಮುಖ ನೋಡಿ ಸುಳ್ಳು ಬರಲಿಲ್ಲ. "ಅವ್ವನಿಗಲ್ಲ, ನನಗೇ ಬೇಕು. ಮೈಸೂರಲ್ಲಿ ನನ್ನ ಮೊಸರು ಸರಿಯಾಗಿ ಕೂರೋದಿಲ್ಲ, ನೀರು ನೀರು" ಅಂದೆ. ಅದು ನಿಜವೇ ಅವ್ವ, ನಿನಗೂ ಹೇಳಿರಲಿಲ್ಲ.

"ಪ್ಯಾಕೆಟ್ಟಿನ ಹಾಲಲ್ವಾ?" ಅಂದಳು. "ಅಯ್ಯೋ ಪಾಪ. ಆ ಮಕ್ಳು ಏನುಂಡು ಬೆಳೀತವೋ."

ಆ ಪಾಪ ಎಂಬ ಮಾತು ನನ್ನನ್ನು ಎಲ್ಲಿ ಚುಚ್ಚಿತೆಂದು ಹೇಗೆ ಹೇಳಲಿ? ನನ್ನ ಮಕ್ಕಳಿಗೇನು ಕಡಿಮೆ, ನಿಮ್ಮ ಹೆಪ್ಪು ಬೇಡ ಎಂದು ಹಿಂದಿರುಗಿ ಬಂದುಬಿಡೋಣ ಅನ್ನಿಸಿತು. ಬೇಲಿಯ ಕಡೆ ತಿರುಗಿಯೂ ಬಿಟ್ಟೆ. ಅಷ್ಟರಲ್ಲಿ ಲತಾಮಣಿ ಒಳಗಿನಿಂದ ನೋಡುತ್ತಿದ್ದದ್ದು ಕಂಡಿತು. ಅವತ್ತು ಕ್ಯಾಮೆರಾ ಎದುರು ನಿಂತಿದ್ದಳಲ್ಲ, ಅದೇ ಮುಖ. ನಿಂತೆ. ಒಳಗೆ ಹೋಗಿ, ಚಿಕ್ಕವ್ವ ಹೆಪ್ಪು ಹಾಕಿಕೊಟ್ಟ ಅವಳದೇ ಲೋಟವನ್ನು ಎರಡೂ ಕೈಯಲ್ಲಿ ಇಸ್ಕೊಂಡೆ.

ಆಮೇಲೆ ನಾನೇ ಕೇಳಿದೆ, "ಚಿಕ್ಕವ್ವ, ಸೂರಿನ ಮೇಲಿರೋದು ನಮ್ಮದಂತಲ್ಲ?"

"ಇತ್ತು. ಅರ್ಧ ಕೊಳೆತಿರಬೇಕು ಈಗ."

"ಇನ್ನರ್ಧ ಚೆನ್ನಾಗಿರುತ್ತಲ್ಲ, ಕೊಡು."

ಅವಳು ಹೊರಗೆ ಬಂದು ಸೂರಿನ ಕೆಳಗಿದ್ದ ಒರಳು ತೋರಿಸಿದಳು. "ಅದ್ರ ಮ್ಯಾಲೆ ಹತ್ತಿ ನೀನೇ ಇಳಿಸ್ಕೋ. ಜ್ವಾಪಾನ ಕಣೇ, ಹೆಂಚು ಒಡೆದೀಯ" ಅಂದಳು. ಕಣೇ ಅಂದಳು ಅವ್ವ.

ತಿಪಟೂರಿನವರೆಗೆ ಬಸ್ಸಿನಲ್ಲೂ ಆಮೇಲೆ ರೈಲಿನಲ್ಲೂ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದೆ. ಹೆಪ್ಪಿನ ಲೋಟಕ್ಕೆ ಬಟ್ಟೆ ಕಟ್ಟಿ ಅನುಪಮಾ ಹಿಡಿದಿದ್ದಳು. ಅರಸೀಕೆರೆಯಲ್ಲಿ ರೈಲು ಬದಲಿಸುವಾಗ ತಿಲಕ್ ಎಡವಿ ಅರ್ಧ ಚೆಲ್ಲಿತು, ಉಳಿದದ್ದು ಸಾಕಾಯಿತು. ಈಗ ಮೊಸರು ಚಮಚ ನಿಲ್ಲುವಷ್ಟು ಗಟ್ಟಿ. ಕಾಯಿ ಕುಯ್ದಾಗ ತೊಟ್ಟಿನ ಕಡೆ ಹೋಗಿತ್ತು, ಕೆಳಗಿನದು ಕೆಂಪಗೆ ಚೆನ್ನಾಗಿತ್ತು. ಎರಡು ದಿನ ಹುಳಿ, ಒಂದು ದಿನ ಪಲ್ಯ. ಬೀಜವನ್ನು ಅನುಪಮಾ ಪೇಪರಿನ ಮೇಲೆ ಒಣಗಿಸಿ, ಕ್ವಾರ್ಟರ್ಸಿನ ಹಿಂದೆ ನೀರಿನ ಕೊಳಾಯಿ ಪಕ್ಕ ಹಾಕಿದ್ದಾಳೆ.

ಚಿಕ್ಕವ್ವನ ಲೋಟ ನಮ್ಮಲ್ಲೇ ಉಳಿದಿದೆ. ಹೇಳು.

ನಿನ್ನ
ಸುನಂದಾ


ನೊಣವಿನಕೆರೆ
24-3-2000

ಸುನಂದಾ,

ನಿನ್ನ ಅಕ್ಟೋಬರಿನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ ಅಂತ ಅತ್ತಿಗೆಯ ಹತ್ತಿರ ಫೋನಿನಲ್ಲಿ ದೂರಿದೆಯಂತೆ. ಬರೆಯುವಂಥದ್ದು ಏನಿತ್ತು? ಓದಿ, ಮಡಿಸಿ, ಎಲೆ ಅಡಿಕೆ ಡಬ್ಬಿಯಲ್ಲಿಟ್ಟೆ. ಡಬ್ಬಿಯಲ್ಲಿ ಈಗ ಜಾಗವೂ ಇದೆ. ಅಡಿಕೆ ನಿಲ್ಲುತ್ತಿಲ್ಲ, ಅಂಕಮ್ಮ ದಿನಾ ಬರುತ್ತಾಳೆ.

ಸುಣ್ಣದ ಬೊಟ್ಟಿನ ಕಾಯಿ ಗಡಗಡ ಅನ್ನಲು ಶುರುವಾಗಿತ್ತು. ಹೋದ ಸೋಮವಾರ ನಾನು, ಅಂಕಮ್ಮ ಕೂತು ಸುಲಿದೆವು. ಎರಡು ಕಾಯಿ ಕೆಟ್ಟಿತ್ತು, ಮಿಕ್ಕದ್ದೆಲ್ಲ ಗುಂಡಾಗಿ ಉದುರಿತು. ಹಾಸ್ಟೆಲಿನ ಮಕ್ಕಳು ರಜಕ್ಕೆ ಹೋಗುವ ಮುಂಚೆ ಕೊಟ್ಟುಬಿಡೋಣ ಅಂತ ಮಾರನೇ ದಿನವೇ ಮಠಕ್ಕೆ ಹೊತ್ತುಕೊಂಡು ಹೋದೆವು. ಅನುಪಮಾಳಿಗೆ ಹೇಳು, ಅವಳ ಕೊಬ್ಬರಿ ಅಂತ ಹೇಳಿಯೇ ಕೊಟ್ಟೆ. ಅಡುಗೆ ವೆಂಕಟಯ್ಯ, "ಬಂದಿದ್ದೀರಿ, ಉಂಡ್ಕೊಂಡು ಹೋಗ್ರಮ್ಮ" ಅಂದ. ನಾನು ಮೈಲಿಗೆ ಸೀರೆ, ಹೊತ್ತಾಯಿತು ಅಂತೇನೋ ನೆಪ ಹೇಳುತ್ತಿದ್ದೆ. ಅಂಕಮ್ಮ ನನ್ನ ಸೆರಗು ಜಗ್ಗಿ, "ಕೊಟ್ಟೋರು ಉಣ್ಣದೆ ಎದ್ದೋದ್ರೆ ಆ ಮಕ್ಳಿಗೆ ಹೆಂಗನ್ಸಬೇಕು? ನಿನ್ನ ಮಗಳ ಹಂಗೇ ಆಡ್ತೀಯಲ್ಲ, ಕೂತ್ಕೋ" ಅಂತ ಮಕ್ಕಳ ಸಾಲಿನಲ್ಲೇ ಕೂರಿಸಿದಳು. ತಾನು ಎರಡು ಸಲ ಸಾರು ಹಾಕಿಸಿಕೊಂಡಳು. ನಿನಗೆ ಬಿದ್ದ ಬೈಗುಳ ನನ್ನ ಎಲೆಗೂ ಬಿತ್ತು, ತಿಳಿದುಕೋ.

ಶಾಲೆಯವರು ಈ ವರ್ಷವೂ ಫೋಟೋ ಕೇಳಿದ್ದಾರೆ ಅಂದೆಯಂತೆ. ನಮ್ಮ ಹತ್ತಿರ ಇಲ್ಲ. ಉಣ್ಣುವಾಗ ಯಾರು ಫೋಟೋ ಹಿಡಿಯುತ್ತಾರೆ? ಅಷ್ಟಕ್ಕೂ ಬೇಕಾದರೆ ಈ ಸಲ ಬೇಗ ಬನ್ನಿ, ಹಾಸ್ಟೆಲು ಬಾಗಿಲು ಹಾಕುವ ಮುಂಚೆ. ಎಲೆ ಹಾಕಲು, ನೀರು ಬಡಿಸಲು ಮಕ್ಕಳು ಸಾಲದು ಅಂತ ವೆಂಕಟಯ್ಯ ಗೊಣಗುತ್ತಿದ್ದ. ತಿಲಕ್ ಉಪ್ಪು ಬಡಿಸಲಿ, ಅದು ಚೆಲ್ಲಿದರೂ ಒರೆಸಬಹುದು.

ಆ ಹಳದಿ ಫ್ರಾಕು ನನ್ನ ಪೆಟ್ಟಿಗೆಯಲ್ಲಿತ್ತು. ಲತಾಮಣಿ ತಾನಾಗಿ ಬಂದು ಕೇಳಿ ತೆಗೆದುಕೊಂಡು ಹೋದಳು. ಮೊಣಕಾಲಿಗೂ ಬರುವುದಿಲ್ಲ. ಕೆಳಗೊಂದು ಲಂಗ ಹಾಕಿ, ಮೇಲೆ ಅದನ್ನು ತೊಟ್ಟು ಊರೆಲ್ಲ ಸುತ್ತುತ್ತಾಳೆ. ಕರಗದ ಪೂಜಾರಿಯ ಹಾಗೆ ಕಾಣುತ್ತಾಳೆ, ಆದರೆ ಬಿಚ್ಚುವುದಿಲ್ಲ.

ಬರುವಾಗ ಅಂಕಮ್ಮನ ಲೋಟ ತಾ. ಖಾಲಿ ತಂದೀಯ ಮತ್ತೆ!

ಅವಳು ಇಲ್ಲೇ ನನ್ನ ಪಕ್ಕ ಕೂತು ಏನು ಬರೀತಿದ್ದೀಯ ಅಂತ ಇಣುಕುತ್ತಿದ್ದಾಳೆ, ಓದಲು ಬರುವ ಹಾಗೆ. ಮೈಸೂರಿನ ಬಳ್ಳಿಯಲ್ಲಿ ಕಾಯಿ ಬಿಟ್ಟಿದ್ದರೆ ಒಂದು ತಲೆಯ ಮೇಲೆ ಹೊತ್ತುಕೊಂಡು ಬರಬೇಕಂತೆ ನೀನು, ಬಸ್ ಸ್ಟ್ಯಾಂಡಿನಿಂದ ಅವಳ ಮನೆಯವರೆಗೂ, ಹುಚ್ಚರಂಗಯ್ಯನ ಮನೆಯ ಮುಂದಿನಿಂದಲೇ. ಬೇಡ ಅಂತ ತಿರುಗಿಸಿ ಕಳಿಸಲು ಅವಳಿಗೂ ಒಂದು ಸಲ ಆಸೆಯಂತೆ.

ಹೀಗೆ ಹೇಳಿ, ಎಲೆ ಅಡಿಕೆ ಗಂಟಲಿಗೆ ಸಿಕ್ಕುವಷ್ಟು ನಗುತ್ತಿದ್ದಾಳೆ. ಅವಳ ಬೆನ್ನು ತಟ್ಟಬೇಕು, ಇಲ್ಲಿಗೆ ಸಾಕು.

ನಿನ್ನವ್ವ
ಹೊಂಬಾಳಮ್ಮ